ಕೆರೆಕೋಡಿಗೆ ಎಷ್ಟು ಕಟ್ಟೆ

1974ನೇ ಇಸವಿ ಏಪ್ರಿಲ್ 17, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಗಾಣದ ಕಟ್ಟೆಯಿಂದ ಕೆರೆಕೋಡಿ ಕೇರಿಗೆ ಹೋಗುತ್ತಿದ್ದ ಓಣಿ ಮುಚ್ಚಿಕೊಂಡಿತು. ಈ ಸಮಯ ನನಗೆ ತಿಳಿದದ್ದು ಮರುದಿನ. ಓಣಿಯ ಬಾಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು ತಲೆ ಎತ್ತಿ ನೋಡಿದಾಗ ಬಲಗಡೆಯ ಹಿಟ್ಟಿನ ಗಿರಣಿಗೂ ಎಡಗಡೆಯ ಹೆಂಚಿನ ಮನೆಗೂ ನಡುವೆ ಸಂದೇ ಇರಲಿಲ್ಲವಂತೆ. ಅವನ ಮುಂದೆ ಏಳು ಗಡಿಯಾರಗಳಿದ್ದವು. ಅವುಗಳಲ್ಲಿ ನಾಲ್ಕು, ಹತ್ತು ಗಂಟೆ ಹತ್ತು ನಿಮಿಷವನ್ನೇ ತೋರಿಸುತ್ತಿದ್ದುದರಿಂದ ಅವನ ಮಾತನ್ನು ನಂಬಿದ್ದೇನೆ.

ನಮ್ಮೂರಿನ ಓಣಿಗಳು ಒಂದೆಡೆ ನಿಲ್ಲುವವಲ್ಲ. ಇವತ್ತು ಇದ್ದದ್ದು ನಾಳೆ ಮುಚ್ಚಿಕೊಳ್ಳುತ್ತದೆ, ಇಲ್ಲದ ಕಡೆ ಇನ್ನೊಂದು ಬಾಯಿ ತೆರೆಯುತ್ತದೆ. ಮನೆಗಳಿಗೆ ಏನೂ ಆಗುವುದಿಲ್ಲ, ಅವುಗಳಿಗೆ ಹೋಗುವ ದಾರಿ ಮಾತ್ರ ಬೇರೆಯಾಗುತ್ತದೆ. ನಮ್ಮ ಜನ ಇದಕ್ಕೆ ಹೊಂದಿಕೊಂಡಿದ್ದರು. ಲಗ್ನಪತ್ರಿಕೆಯಲ್ಲಿ ವಿಳಾಸ ಹಾಕಿಸುತ್ತಿರಲಿಲ್ಲ, ‘ಕಟ್ಟೆಯಲ್ಲಿ ವಿಚಾರಿಸಿ’ ಎಂದು ಹಾಕಿಸುತ್ತಿದ್ದರು. ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದವರು ಊಟದ ಹೊತ್ತಿಗೂ ಬಾರದಿದ್ದರೆ ಮನೆಯವರು ಗಾಬರಿಯಾಗುತ್ತಿರಲಿಲ್ಲ. ‘ನಿನ್ನೆ ನೆರೆಯೋರು, ಇವತ್ತು ನೆಂಟರು’ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಪಕ್ಕದ ಮನೆಯವರೊಡನೆ ಜಗಳವಾಡಿದರೆ ಸಂಜೆಯೊಳಗೆ ರಾಜಿಯಾಗಬೇಕೆಂಬುದು ಎಲ್ಲ ಮನೆಗಳ ಪದ್ಧತಿ. ಬೆಳಗಾದರೆ ರಾಜಿಯಾಗಲು ನಾಲ್ಕು ಮೈಲಿ ನಡೆಯಬೇಕಾಗಬಹುದು.

ಓಣಿಗಳು ಕೂಡುವ ಪ್ರತಿ ಜಾಗದಲ್ಲೂ ಒಂದು ಕಲ್ಲಿನ ಕಟ್ಟೆ ಇತ್ತು. ಕಟ್ಟೆಗಳು ಮಾತ್ರ ಕದಲುತ್ತಿರಲಿಲ್ಲ. ಪ್ರತಿ ಕಟ್ಟೆಗೂ ಒಬ್ಬರು ಕಟ್ಟೆಯವರು. ಅವರ ಬಳಿ ಒಂದು ಹಲಗೆ, ಸೀಮೆಸುಣ್ಣ, ಕೂಗಲು ತಗಡಿನ ದೊಡ್ಡ ಆಲಿಕೆ. ಇಡೀ ಊರಿನ ದಾರಿ ಬಲ್ಲವರು ಒಬ್ಬರೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಒಬ್ಬೊಬ್ಬರಿಗೂ ತಮ್ಮ ಕಟ್ಟೆಗೆ ತಾಗಿದ ಓಣಿಗಳು ಗೊತ್ತು, ಅಕ್ಕಪಕ್ಕದ ಕಟ್ಟೆಯವರ ಮಾತು ಗೊತ್ತು, ಅಷ್ಟೇ. ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸಿದಾಗ ಊರಿನ ನಲವತ್ತೆರಡು ಕೇರಿಗಳ ಹೆಸರನ್ನೂ ಒಂದೇ ಕ್ರಮದಲ್ಲಿ ಕೂಗಬೇಕು. ಪ್ರತಿ ಹೆಸರಿನ ಮುಂದೆ ಒಂದು ಅಂಕಿ: ಇಲ್ಲಿಂದ ಅಲ್ಲಿಗೆ ಎಷ್ಟು ಕಟ್ಟೆ. ಪಕ್ಕದವರು ‘ಕೆರೆಕೋಡಿ ಒಂದು’ ಎಂದರೆ ನಾನು ಅದಕ್ಕೆ ಒಂದು ಸೇರಿಸಿ ಹಲಗೆಯಲ್ಲಿ ‘ಎರಡು’ ಎಂದು ಬರೆದುಕೊಳ್ಳುತ್ತೇನೆ. ಇನ್ನೊಂದು ಕಡೆಯವರು ‘ಒಂಬತ್ತು’ ಎಂದಿದ್ದರೆ ಅದು ಹಲಗೆಯ ಹಿಂಬದಿಗೆ. ಮುಂಬದಿಯಲ್ಲಿ ಒಂದೇ ಅಂಕಿ, ಎಲ್ಲಕ್ಕಿಂತ ಚಿಕ್ಕದು. ದಾರಿ ಕೇಳಿ ಬಂದವರನ್ನು ಆ ಚಿಕ್ಕ ಅಂಕಿ ಹೇಳಿದವರ ಕಡೆಗೆ ಕಳುಹಿಸುವುದು ನಮ್ಮ ಕೆಲಸ. ಮುಂದಿನದು ಅವರ ಕೆಲಸ.

ಹದಿನೈದಕ್ಕಿಂತ ದೊಡ್ಡ ಅಂಕಿಯನ್ನು ಯಾರೂ ಬರೆಯುತ್ತಿರಲಿಲ್ಲ. ಹದಿನಾರು ಎಂದರೆ ದಾರಿ ಇಲ್ಲ ಎಂದರ್ಥ. ಅದು ಕಟ್ಟೆಯಿಂದ ಇಳಿದು ಊರಿನ ಮಾತಿಗೂ ಬಂದಿತ್ತು. ಓದು ಹತ್ತದ ಮಗನನ್ನು ‘ಅವನ ಗಣಿತ ಹದಿನಾರು’ ಎನ್ನುತ್ತಿದ್ದರು. ಕೂಗಿಗೆ ಎರಡು ನೇಮಗಳಿದ್ದವು. ಮೊದಲನೆಯದು, ಕಿರಿಯರು ಮೊದಲು ಕೂಗಬೇಕು, ಹಿರಿಯರು ಆಮೇಲೆ. ಎರಡನೆಯದು, ಎಷ್ಟು ಎಂದು ಕೇಳಬಹುದು, ಯಾವ ಕಡೆಯಿಂದ ಎಂದು ಕೇಳಬಾರದು. ಕೇಳಿದರೆ ಅವರ ಅಂಕಿಯನ್ನು ನಂಬಲಿಲ್ಲವೆಂದಾಗುತ್ತಿತ್ತು.

ನಾನು ಬಿ.ಎಸ್ಸಿ. ಮುಗಿಸಿ ಕೈಮರದ ಕಟ್ಟೆಗೆ ಬಂದಾಗ ಇಪ್ಪತ್ತನಾಲ್ಕು ವರ್ಷ. ಅಲ್ಲಿ ಒಂದು ಕಾಲಕ್ಕೆ ದಿಕ್ಕು ತೋರಿಸುವ ಮರದ ಕೈಗಳಿದ್ದವಂತೆ. ಜನ ಬೈದು ಬೈದು ಅವನ್ನು ಕಿತ್ತುಹಾಕಿದ್ದರು, ಬರೀ ಕಂಬ ನಿಂತಿತ್ತು. ನನ್ನ ಕಟ್ಟೆಯಿಂದ ಮೇಲಕ್ಕೆ ನೇರವಾದ ಒಂದು ಓಣಿ, ಅದರ ತುದಿಯಲ್ಲಿ ಗಾಣದ ಕಟ್ಟೆ. ಅಲ್ಲಿ ಜವರಯ್ಯ. ಅರವತ್ತರ ಹತ್ತಿರದವರು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಕಟ್ಟೆಯವರು. ನನಗೆ ಅವರ ಮುಖಕ್ಕಿಂತ ದನಿಯೇ ಹೆಚ್ಚು ಪರಿಚಯ. ಮೊದಲ ದಿನ ನಾನು ನಲವತ್ತೆರಡು ಹೆಸರುಗಳನ್ನು ಕೂಗಿ ಮುಗಿಸಿದಾಗ ಮೇಲಿನಿಂದ ಉತ್ತರ ಬಂತು:

“ಯಾರವ್ವಾ ಅದು, ಪಾಠ ಒಪ್ಪುಸ್ದಂಗೆ ಕೂಗೋದು?”

“ಹೊಸಬಳು, ಜವರಯ್ಯನೋರೇ. ಇಂದುಮತಿ ಅಂತ.”

“ಬಿಎಸ್ಸಿ ಅಂತಲ್ಲ ನೀನು? ಓದ್ಸಿದೋರು ಉಸ್ರು ಎಲ್ಲಿ ಎಳ್ಕೋಬೇಕು ಅಂತ ಕಲಿಸ್ನಿಲ್ವಾ? ಹತ್ತು ಹೆಸ್ರಿಗೊಂದು ಕಿತ ನಿಲ್ಸು. ಇಲ್ದಿದ್ರೆ ನಲವತ್ತಕ್ಕೆ ಹೋಗೋ ಹೊತ್ಗೆ ನೀನೇ ಹದಿನಾರಾಗ್ತೀಯ!”

ಅಲ್ಲಿಂದ ಮುಂದೆ ನಾನು ಬಿಎಸ್ಸಿ ಇಂದವ್ವ. ಕೂಗು ಮುಗಿದ ಮೇಲೆ ಅವರು ಒಂದು ಮಾತು ಸೇರಿಸದೆ ಆಲಿಕೆ ಕೆಳಗಿಡುತ್ತಿರಲಿಲ್ಲ. ‘ಇಂದವ್ವಾ, ಇವತ್ತು ಮನೇಲಿ ಹೆಸರುಬೇಳೆ ಸಾರು.’ ‘ಇಂದವ್ವಾ, ನಿನ್ ಕಡೆ ಮೋಡ ಐತಾ?’ ಹೀಗೆ. ಅವರ ಮನೆ ಕೆರೆಕೋಡಿಯಲ್ಲಿತ್ತು, ಗಾಣದ ಕಟ್ಟೆಯ ಆಚೆ ಓಣಿಯ ಕೊನೆಯಲ್ಲಿ. ಹೆಂಡತಿ ನಿಂಗಮ್ಮ. ಹಪ್ಪಳ ಲಟ್ಟಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ವಾರಕ್ಕೊಮ್ಮೆ ಯಾರಾದರೂ ದಾರಿಹೋಕರ ಕೈಯಲ್ಲಿ ನನಗೂ ಒಂದು ಕಟ್ಟು ಬರುತ್ತಿತ್ತು.

ಆ ಏಪ್ರಿಲ್ಲಿನಲ್ಲಿ ನಿಂಗಮ್ಮನಿಗೆ ಜ್ವರ ಬಂತು. ಮೂರು ದಿನವಾದರೂ ಇಳಿಯಲಿಲ್ಲ. ಹದಿನೇಳರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕೆರೆಕೋಡಿಯ ಡಾಕ್ಟರ ಕಾಂಪೌಂಡರ್ ಸೈಕಲ್ಲಿನಲ್ಲಿ ನನ್ನ ಕಟ್ಟೆ ದಾಟಿ ಐಸ್ ಫ್ಯಾಕ್ಟರಿಯ ಕಡೆ ಹೋದ. ಫ್ಯಾಕ್ಟರಿ ಇದ್ದದ್ದು ನನ್ನ ಕಡೆ, ಎರಡು ಕಟ್ಟೆ ಕೆಳಗೆ. ಜ್ವರ ನೂರೈದು ದಾಟಿದೆ, ಫಿಟ್ಸ್ ಬರುತ್ತಿದೆ, ಮೈಗೆ ಐಸಿಟ್ಟು ಜ್ವರ ಇಳಿಸದಿದ್ದರೆ ಕಷ್ಟ ಎಂದು ಹೋಗುತ್ತಲೇ ಹೇಳಿದ. ಒಂಬತ್ತೂವರೆಯ ಕೂಗು ಮುಗಿದ ಮೇಲೆ ಜವರಯ್ಯನವರ ಮಾತು ಎಂದಿನಂತಿರಲಿಲ್ಲ.

“ಇಂದವ್ವಾ, ಐಸು ಬಂದ್ರೆ ಅರೆಗಳಿಗೆ ತಡೀಬ್ಯಾಡ. ದೂಡ್ಬುಡು ಇತ್ಲಾಗೆ.”

“ಆಗಲಿ, ಜವರಯ್ಯನೋರೇ. ನೀವು ಮನೆಗೆ ಹೋಗಬಾರದಾ?”

“ಕಟ್ಟೆ ಬುಟ್ಟು ಹೋದ್ರೆ ಐಸ್ನೋನಿಗೆ ದಾರಿ ಹೇಳೋರ್ಯಾರವ್ವಾ?”

ಅದು ನಿಜ. ಬದಲಿ ಆಳು ಬರುತ್ತಿದ್ದುದು ಸಂಜೆ ಆರಕ್ಕೆ. ಕಟ್ಟೆಯವರು ಎದ್ದುಹೋದರೆ ಆ ಕಟ್ಟೆಯ ಮೇಲೆ ಹಾಯುವ ಎಲ್ಲ ಅಂಕಿಗಳೂ ಸುಳ್ಳಾಗುತ್ತಿದ್ದವು. ಹತ್ತರ ಗಂಟೆಗೆ ಅವರು ‘ಕೆರೆಕೋಡಿ ಒಂದು’ ಎಂದರು. ನನ್ನ ಹಲಗೆಯಲ್ಲಿ ಎರಡು ಹಾಗೆಯೇ ಉಳಿಯಿತು. ಹಿಂಬದಿಯಲ್ಲಿ ಸುಣ್ಣದ ಗೂಡಿನ ಕಟ್ಟೆಯವರು ಹೇಳಿದ ಒಂಬತ್ತು ಇತ್ತು. ಆ ಕಡೆಯಿಂದ ಹೋದರೆ ನನಗೆ ಹತ್ತು. ಯಾರು ಬಳಸುತ್ತಾರೆ ಅದನ್ನು?

ಹತ್ತು ಹತ್ತಕ್ಕೆ ಓಣಿ ಮುಚ್ಚಿಕೊಂಡಿತು.

ಹತ್ತೂವರೆಯ ಗಂಟೆಗೆ ಕಿರಿಯಳಾದ ನಾನು ಮೊದಲು ಕೂಗಿದೆ. “ಕೆರೆಕೋಡಿ ಎರಡು.” ಜವರಯ್ಯನವರ ಸರದಿ ಬಂದಾಗ ಉಳಿದ ಹೆಸರುಗಳೆಲ್ಲ ಸರಾಗವಾಗಿ ಬಂದವು. ಕೆರೆಕೋಡಿಯ ಹತ್ತಿರ ಮಾತ್ರ ಅವರು ತಡೆದರು. ಆಮೇಲೆ, “ಕೆರೆಕೋಡಿ ಮೂರು.”

ಒಂದು ಇದ್ದದ್ದು ಮೂರಾಗಿದೆ. ಓಣಿ ಮುಚ್ಚಿದೆ, ಆದರೆ ಪಕ್ಕದಲ್ಲೇ ಬೇರೆ ದಾರಿ ಸಿಕ್ಕಿದೆ ಎಂದುಕೊಂಡೆ. ನನಗೆ ಸಮಾಧಾನವೇ ಆಯಿತು. ಎರಡನ್ನು ಒರೆಸಿ ನಾಲ್ಕು ಬರೆದೆ. ಯಾವ ಕಡೆಯಿಂದ ಎಂದು ಕೇಳಲಿಲ್ಲ.

ಐದು ನಿಮಿಷಕ್ಕೆ ಖಾದರ್ ಸಾಬರ ತಳ್ಳುಗಾಡಿ ಬಂತು. ಊರಿಗೆಲ್ಲ ಐಸು ಹಾಕುತ್ತಿದ್ದವರು ಅವರೊಬ್ಬರೇ. ಇಪ್ಪತ್ತು ಕಿಲೋ ಗಡ್ಡೆ, ಮೇಲೆ ಮರದ ಹೊಟ್ಟು, ಅದರ ಮೇಲೆ ಎರಡು ಗೋಣಿಚೀಲ.

“ಎಷ್ಟವ್ವಾ ಕೆರೆಕೋಡಿಗೆ?”

“ನಾಲ್ಕು. ಗಾಣದ ಕಟ್ಟೆ ಕಡೆ. ಬೇಗ ಹೋಗಿ ಸಾಬರೇ.”

ಅವರು ಏರು ಹತ್ತಿದರು. ಗಾಡಿ ತಳ್ಳಿಕೊಂಡು ಆ ಓಣಿ ಹತ್ತಲು ಹದಿಮೂರು ನಿಮಿಷ ಬೇಕು, ಇಳಿಯಲು ಎಂಟು. ಹನ್ನೊಂದಕ್ಕೆ ಮೂರು ನಿಮಿಷವಿದೆ ಎನ್ನುವಾಗ ಗಾಡಿ ಮತ್ತೆ ನನ್ನ ಮುಂದೆಯೇ ನಿಂತಿತ್ತು.

“ಜವರಯ್ಯ ನನ್ಗೇ ಬೈದ್ರು. ‘ದಾರಿ ಇರೋದು ಇಂದವ್ವನ ಕಡೆ, ಎರಡೇ ಕಟ್ಟೆ ಅಂತ ಕಿವಿಯಾರೆ ಕೇಳಿದೀನಿ, ನೀನೇ ಓಣಿ ತಪ್ಪಿ ಬಂದಿದೀಯ’ ಅಂದ್ರು. ನಲವತ್ತು ವರ್ಸದಿಂದ ಗಾಡಿ ತಳ್ತಾ ಇದೀನಿ, ನಾನು ಓಣಿ ತಪ್ತೀನಾ?”

ನನಗೆ ತಲೆಬುಡ ತಿಳಿಯಲಿಲ್ಲ. ನನ್ನ ಹಲಗೆ ಗಾಣದ ಕಟ್ಟೆ ಎನ್ನುತ್ತಿದೆ. ಅಷ್ಟರಲ್ಲಿ ಹನ್ನೊಂದರ ಗಂಟೆಯಾಯಿತು. ಕೂಗು ಕೇಳಿದರೆ ಗೊತ್ತಾಗುತ್ತದೆ, ಒಂದು ನಿಮಿಷ ನಿಲ್ಲಿ ಎಂದೆ. ನಾನು ಕೆರೆಕೋಡಿ ನಾಲ್ಕು ಎಂದೆ. ಅವರು ಐದು ಎಂದರು. ಐದಕ್ಕೆ ಒಂದು ಸೇರಿಸಿದರೆ ಆರು. ಆರು ಹತ್ತಕ್ಕಿಂತ ಚಿಕ್ಕದು. ಲೆಕ್ಕ ಸರಿಯಾಗಿಯೇ ಇತ್ತು.

“ಅವರ ಕಡೆಯೇ ಸಾಬರೇ. ದಾರಿ ಸ್ವಲ್ಪ ದೂರವಾಗಿದೆ, ಆದರೆ ಅವರ ಕಡೆಯೇ.”

“ನೋಡವ್ವಾ, ನಾನು ಮೀನೂ ಅಲ್ಲ, ಈ ಓಣಿ ಕೆರೇನೂ ಅಲ್ಲ, ಅತ್ತಿಂದಿತ್ತ ಈಜ್ತಾ ಇರೋಕೆ.”

“ಹೋಗಿ ಸಾಬರೇ, ದಮ್ಮಯ್ಯ.”

ನನಗಿಂತ ಎರಡರಷ್ಟು ವಯಸ್ಸಾದವರು. ನನ್ನ ಅಂಕಿಯನ್ನು ನಂಬಿ ಎರಡನೆಯ ಸಲ ಏರು ಹತ್ತಿದರು. ಆ ಬೆನ್ನು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವರು ಹೋದ ಮೇಲೆ ನಾನು ಮಣ್ಣಿನ ಮೇಲೆ ಬಿದ್ದಿದ್ದ ನೀರನ್ನು ನೋಡಿದೆ. ಗಾಡಿಯ ಮೂಲೆಯಿಂದ ತೊಟ್ಟಿಕ್ಕಿದ ಹನಿಗಳ ಸಾಲು. ಮೊದಲ ಸಲ ಹತ್ತಿದ್ದು ಆಗಲೇ ಒಣಗಿತ್ತು, ಇಳಿದದ್ದು ಮಾಸುತ್ತಿತ್ತು, ಈಗ ಹತ್ತಿದ್ದು ಕಪ್ಪಗಿತ್ತು. ಸಾಲುಗಳು ನನ್ನ ಕಟ್ಟೆಯಿಂದ ಹೊರಟು ನನ್ನ ಕಟ್ಟೆಗೇ ಬರುತ್ತಿದ್ದವು. ಹಲಗೆಯ ಕಡೆ ತಿರುಗಿದೆ. ಸರಿಯಾಗಿ ಒರೆಸದ ಸೀಮೆಸುಣ್ಣದಲ್ಲಿ ಆರರ ಕೆಳಗೆ ನಾಲ್ಕು, ನಾಲ್ಕರ ಕೆಳಗೆ ಎರಡು ಕಾಣುತ್ತಿದ್ದವು. ಎರಡು, ನಾಲ್ಕು, ಆರು. ಓಣಿಗಳು ತೆರೆಯುವುದು ಮುಚ್ಚುವುದು ಹೀಗೆ ಲೆಕ್ಕವಿಟ್ಟು ನಡೆಯುವುದಿಲ್ಲ. ಈ ಅಂಕಿಗಳನ್ನು ಬೆಳೆಸುತ್ತಿರುವುದು ಓಣಿಯಲ್ಲ. ನಾವಿಬ್ಬರು.

ನನ್ನ ಎರಡು ಬಂದದ್ದು ಅವರ ಒಂದರಿಂದ. ಅವರ ಒಂದು ಸತ್ತಮೇಲೂ ನನ್ನ ಎರಡು ಬದುಕಿತ್ತು. ಅದನ್ನು ನಾನು ಅವರಿಗೇ ಕೂಗಿ ಹೇಳಿದ್ದೆ. ನನ್ನ ಕಡೆ ಬೇರೆ ದಾರಿಯಿದೆಯೆಂದು ನಂಬಿ ಅವರು ಮೂರು ಎಂದರು, ಅವರ ಮೂರನ್ನು ನಂಬಿ ನಾನು ನಾಲ್ಕು ಎಂದೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ, ಇಬ್ಬರೂ ಕೂಡುವುದರಲ್ಲಿ ತಪ್ಪಿರಲಿಲ್ಲ. ಹೀಗೆಯೇ ಬಿಟ್ಟರೆ ನನ್ನ ಅಂಕಿ ಹತ್ತನ್ನು ದಾಟಿದಾಗ ಹಲಗೆ ತಾನಾಗಿಯೇ ಸುಣ್ಣದ ಗೂಡಿನ ಕಡೆ ತಿರುಗುತ್ತಿತ್ತು. ಲೆಕ್ಕ ಹಾಕಿದೆ. ಅದು ಹನ್ನೆರಡೂವರೆಯ ಕೂಗಿಗೆ.

ಹನ್ನೊಂದೂವರೆಗೆ ಇನ್ನೇನು ಗಂಟೆ ಬಾರಿಸಬೇಕು, ಗಾಡಿ ಎರಡನೆಯ ಸಲ ಇಳಿದು ಬಂತು. ಖಾದರ್ ಸಾಬರು ಗೋಣಿಚೀಲದ ಒಂದು ಮೂಲೆ ಎತ್ತಿ ತೋರಿಸಿದರು. ಗಡ್ಡೆಯ ಅಂಚುಗಳು ದುಂಡಗಾಗಿದ್ದವು.

ಗಂಟೆಯಾಯಿತು. ಕೆರೆಕೋಡಿ ಪಟ್ಟಿಯಲ್ಲಿ ಹನ್ನೊಂದನೆಯದು. ಮೊದಲ ಹತ್ತನ್ನು ಹೇಗೆ ಕೂಗಿದೆನೋ ಗೊತ್ತಿಲ್ಲ. ಆಮೇಲೆ ಉಸಿರು ಎಳೆದುಕೊಂಡು, “ಕೆರೆಕೋಡಿ ಹದಿನಾರು” ಎಂದೆ.

ಮೇಲಿನಿಂದ ಪಟ್ಟಿಯ ನಡುವೆಯೇ ದನಿ ಬಂತು. ಹಾಗೆ ನಡುವೆ ಬಾಯಿ ಹಾಕಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

“ಏನಂದೆ?”

“ಹದಿನಾರು, ಜವರಯ್ಯನೋರೇ. ನಿಮ್ಮ ಮನೆಗೆ ನಾನು ಕೂಗುತ್ತಿದ್ದದ್ದು ನಿಮ್ಮದೇ ದಾರಿ. ನಿಮ್ಮಿಂದ ಕೇಳಿದ್ದನ್ನೇ ನಿಮಗೆ ಹೇಳುತ್ತಿದ್ದೆ. ನಿಮ್ಮ ಕಡೆ ಬೇರೆ ದಾರಿ ಇದೆಯಾ? ಯಾವ ಕಡೆ?”

ಕೇಳಬಾರದ್ದನ್ನು ಕೇಳಿದ್ದೆ. ಓಣಿಯುದ್ದಕ್ಕೂ ಜನ ನಿಂತುಬಿಟ್ಟಿದ್ದರು.

“ನಂಗೂ ಹದಿನಾರೇ ಕಣವ್ವಾ.”

ನಾನು ಹಲಗೆಯಲ್ಲಿ ಆರನ್ನು ಒರೆಸಿ ಹತ್ತು ಬರೆಯುವಷ್ಟರಲ್ಲಿ ಖಾದರ್ ಸಾಬರು ಗಾಡಿಯನ್ನು ತಿರುಗಿಸಿದ್ದರು. “ಸುಣ್ಣದ ಗೂಡು ತಾನೆ?” ಎಂದರು. “ಹತ್ತಾದ್ರೆ ಹತ್ತು. ಇದ್ದ ದಾರಿ ಇದ್ದಂಗೆ ಹೇಳಿದ್ರೆ ಕಾಲು ತಾನಾಗೇ ನಡೀತದೆ.”

ಅವರು ಕೆರೆಕೋಡಿ ತಲುಪಿದಾಗ ಒಂದು ಗಂಟೆ ಹನ್ನೆರಡು ನಿಮಿಷ. ಅದು ಡಾಕ್ಟರು ಚೀಟಿಯಲ್ಲಿ ಬರೆದಿಟ್ಟ ಸಮಯ. ಮೂರೂವರೆಯ ಹೊತ್ತಿಗೆ ಜ್ವರ ನೂರೆರಡಕ್ಕೆ ಇಳಿಯಿತು, ಸಂಜೆ ಫಿಟ್ಸ್ ನಿಂತಿತು. ನಿಂಗಮ್ಮ ಉಳಿದುಕೊಂಡರು. ಆದರೆ ಬಲಗೈ ಬೆರಳುಗಳು ಮತ್ತೆ ಮಡಚಲಿಲ್ಲ. ಒಂದು ಗಂಟೆ ಮೊದಲು ಐಸು ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಡಾಕ್ಟರನ್ನು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಅವರು ಪ್ರಾಮಾಣಿಕರು.

ಮೇ ತಿಂಗಳಿನಿಂದ ಎಲ್ಲ ಕಟ್ಟೆಗಳಲ್ಲೂ ಹೊಸ ನೇಮ ಬಂತು: ಯಾರಿಂದ ದಾರಿ ಕೇಳಿದೆಯೋ ಅವರಿಗೆ ಆ ದಾರಿಯನ್ನು ಹದಿನಾರೆಂದೇ ಕೂಗು. ಜನ ಅದನ್ನು ಖಾದರ್ ಸಾಬರ ನೇಮ ಎಂದು ಕರೆದರು. ಎರಡು ಸಲ ಏರು ಹತ್ತಿದವರು ಅವರಲ್ಲವೇ ಎಂದು ನಾನೂ ಒಪ್ಪಿಕೊಂಡೆ. ಆ ಹೊತ್ತಿಗೆ ಗಾಣದ ಕಟ್ಟೆಯಿಂದ ಕೆರೆಕೋಡಿಗೆ ಮತ್ತೆ ಓಣಿ ತೆರೆದಿತ್ತು, ಹಾಗಾಗಿ ಪ್ರತಿ ಅರ್ಧ ಗಂಟೆಗೂ ನಾನು ಜವರಯ್ಯನವರಿಗೆ ಅವರದೇ ಮನೆಯನ್ನು ಹದಿನಾರು ಎನ್ನಬೇಕಾಯಿತು. ಅವರು ಒಮ್ಮೊಮ್ಮೆ ನಗುತ್ತಿದ್ದರು. “ಗೊತ್ತಾಯ್ತು ಬುಡವ್ವಾ, ನಮ್ಮನೆ ದಾರಿ ನಮ್ಗೆ ಗೊತ್ತು.” ಹೆಸರುಬೇಳೆ ಸಾರಿನ ಮಾತು ಮುಂದುವರಿಯಿತು. ಹಪ್ಪಳದ ಮಾತು ಬರಲಿಲ್ಲ.

ಅವರು ಕಟ್ಟೆ ಬಿಟ್ಟ ವರ್ಷ ಒಂದು ಮಧ್ಯಾಹ್ನ ನನ್ನ ಕಟ್ಟೆಗೆ ಬಂದು ಕುಳಿತರು. ಇಷ್ಟು ವರ್ಷದಲ್ಲಿ ನಾವು ಎದುರೆದುರು ಕುಳಿತದ್ದು ಹತ್ತು ಸಲವೂ ಇರಲಿಕ್ಕಿಲ್ಲ. ಎಲೆಯಡಿಕೆ ಚೀಲ ಬಿಚ್ಚಿದರು, ಹಾಕಿಕೊಳ್ಳಲಿಲ್ಲ.

“ಅವತ್ತು ಹದಿನಾರು ಅನ್ನಾಕೆ ಬಾಯಿ ತೆಗ್ದಿದ್ದೆ ಕಣವ್ವಾ. ನಾಲಗೆ ತುದೀಲಿತ್ತು. ಅಷ್ಟೊತ್ಗೆ ನೀನು ಎರಡು ಅಂದೆ.”

“ನಾನು ಮೊದಲು ಕೂಗಬಾರದಿತ್ತು.”

“ನೇಮ ಅಲ್ವಾ, ಕೂಗ್ದೆ. ನಿನ್ ತಪ್ಪಲ್ಲ ಅದು. ನಿಂಗೆ ಆ ದಾರಿ ಹೇಳ್ದೋನು ನಾನೇ. ದಿನಾ ಹೇಳ್ತಿದ್ದೆ. ಅಷ್ಟೂ ಗ್ಯಾನ ಇರ್ನಿಲ್ವಾ ನಂಗೆ?” ಅವರು ಓಣಿಯ ಕಡೆ ನೋಡಿದರು. “ಇತ್ತು ಅನ್ಸ್ತದೆ. ನಾನು ಹೇಳಿದ್ದನ್ನೇ ಇನ್ನೊಬ್ರು ಬಾಯಲ್ಲಿ ಕೇಳ್ದಾಗ ಅದು ಬ್ಯಾರೆ ಮಾತಿನಂಗೇ ಕೇಳುಸ್ತದೆ. ಅದ್ರಾಗೂ ಓದಿದೋಳ ಬಾಯಲ್ಲಿ. ನಂಬಾಕೆ ಬೇಕಾಗಿತ್ತು ಕಣವ್ವಾ. ನಂಬ್ದೆ.”

ಅವರು ಎದ್ದು ನಿಂತು, “ನಿಂಗಿ ಎಡಗೈಲಿ ಲಟ್ಸೋದು ಕಲ್ತವ್ಳೆ. ಸೊಟ್ಟಪಟ್ಟ ಬತ್ತವೆ. ಕರಿದ್ರೆ ರುಚಿ ಅದೇಯ” ಎಂದು ಒಂದು ಕಟ್ಟನ್ನು ಕಟ್ಟೆಯ ಮೇಲಿಟ್ಟು ಹೋದರು.

ಈಗ ಕೂಗು ಇಲ್ಲ. ಪ್ರತಿ ಕಟ್ಟೆಯವರೂ ತಮಗೆ ತಾಗಿದ ಓಣಿಗಳ ವಿಷಯವನ್ನಷ್ಟೇ ಬರೆದು ಊರಿಗೆಲ್ಲ ಕಳುಹಿಸುತ್ತಾರೆ. ಎಲ್ಲರ ಚೀಟಿಗಳನ್ನೂ ಕೂಡಿಸಿ ಪ್ರತಿ ಕಟ್ಟೆಯಲ್ಲೂ ಇಡೀ ಊರಿನ ನಕ್ಷೆ ಎಳೆಯುತ್ತಾರೆ, ದಾರಿಯನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಯಾರೂ ಯಾರ ಅಂಕಿಯನ್ನೂ ನಂಬಬೇಕಾಗಿಲ್ಲ. ಇದು ಹಳೆಯದಕ್ಕಿಂತ ಒಳ್ಳೆಯದು, ಇದನ್ನು ತರಲು ಓಡಾಡಿದವರಲ್ಲಿ ನಾನೂ ಒಬ್ಬಳು. ಆದರೂ ಹತ್ತೂವರೆ ಆಗುವಾಗ ಕಿವಿ ಮೇಲಿನ ಓಣಿಯ ಕಡೆ ತಿರುಗುತ್ತದೆ. ಒಂದು ಊರಿಗೆ ಊರೇ ಅರ್ಧ ಗಂಟೆಗೊಮ್ಮೆ ತನ್ನ ಕೇರಿಗಳ ಹೆಸರನ್ನೆಲ್ಲ ಬಾಯಿತುಂಬ ಹೇಳಿಕೊಳ್ಳುತ್ತಿತ್ತು. ನಲವತ್ತೆರಡು ಹೆಸರು, ಒಂದು ಕಟ್ಟೆಯಿಂದ ಒಂದಕ್ಕೆ, ದೂರ ಹೋದಷ್ಟೂ ಸಣ್ಣದಾಗುತ್ತ. ಆ ಪಟ್ಟಿ ನನಗೆ ಇಂದಿಗೂ ಬಾಯಿಪಾಠ. ಹತ್ತು ಹೆಸರಿಗೊಮ್ಮೆ ಉಸಿರು.

ನಿವೃತ್ತಳಾದ ಮರುವರ್ಷ, ಏಪ್ರಿಲ್ ಹದಿನೇಳರಂದು, ಐಸ್ ಫ್ಯಾಕ್ಟರಿಯಿಂದ ಇಪ್ಪತ್ತು ಕಿಲೋ ಗಡ್ಡೆ ತರಿಸಿದೆ. ಅಂದು ನಮ್ಮ ಅಂಕಿಗಳು ಎಷ್ಟು ಐಸನ್ನು ಕರಗಿಸಿದವೆಂದು ಅಳೆದು ನೋಡಬೇಕಿತ್ತು. ಖಾದರ್ ಸಾಬರು ತೀರಿಕೊಂಡಿದ್ದರು. ಗಾಡಿಯನ್ನು ಅವರ ಮಗ ಷಫಿ ತಂದರು, ಅವರಿಗೂ ಆಗಲೇ ತಲೆ ನರೆತಿತ್ತು. ಮರದ ಹೊಟ್ಟು ಅಷ್ಟೇ, ಗೋಣಿಚೀಲ ಎರಡೇ. ಗಾಡಿಯ ಕೆಳಗೆ ಒಂದು ತಗಡಿನ ತಟ್ಟೆ ಕಟ್ಟಿದೆ. ಹತ್ತು ಮೂವತ್ತೈದಕ್ಕೆ ಹೊರಟು ನಾವಿಬ್ಬರೂ ಆ ಏರನ್ನು ಎರಡು ಸಲ ಹತ್ತಿದೆವು, ಎರಡು ಸಲ ಇಳಿದೆವು, ನಿಂತಲ್ಲಿ ಅಷ್ಟೇ ಹೊತ್ತು ನಿಂತೆವು. ಷಫಿ ಯಾಕೆಂದು ಕೇಳಲಿಲ್ಲ. ಅವರ ತಂದೆ ಹೇಳಿದ್ದಿರಬೇಕು. ಬಿಸಿಲು ಆ ದಿನದಷ್ಟೇ ಇತ್ತೆಂದು ಹೇಳಲಾರೆ, ಅಂದಿನ ಉಷ್ಣಾಂಶ ನನ್ನ ಬಳಿ ಇಲ್ಲ. ಹನ್ನೊಂದು ಮೂವತ್ತೊಂದಕ್ಕೆ ಗಾಡಿ ನಿಲ್ಲಿಸಿ, ತಟ್ಟೆಯ ನೀರನ್ನು ಹೊಟ್ಟಿನಿಂದ ಸೋಸಿ ಅಳತೆಯ ಜಾಡಿಗೆ ಸುರಿದೆ. ಐವತ್ತಾರು ನಿಮಿಷದಲ್ಲಿ ಕರಗಿದ್ದು ಒಂದು ಲೀಟರು ಆರುನೂರ ಐವತ್ತು ಮಿಲಿಲೀಟರು.